ಹತ್ತೊಂಬತ್ತು ಎಣಿಸಿದರೆ ಒಂದು ಮಿಣುಕು

ಇನ್ನೂರ ಮೂವತ್ಮೂರು. ರೀಡಿಂಗ್ ಅಣ್ಣ
ಬಿಳಿ ಅಟ್ಟೆಯ ಮೇಲೆ ಗೀಚಿ, ಮೊಳೆಗೆ ಸಿಕ್ಕಿಸಿ
ಮತ್ತಿಗಿರಿ ಬೀದಿಯ ಮುಂದಿನ ಮನೆಗೆ ನಡೆದ.
ಎರಡು ತಿಂಗಳಿಗೆ ನೂರು ಪುಕ್ಕಟೆ, ಸರಿ.
ಇನ್ನೂರು ದಾಟಿತೋ, ದರ ಮೆಟ್ಟಿಲು ಹತ್ತುತ್ತೆ.

"ನಿನ್ನ ಗ್ರೈಂಡರೇ ತಿಂದಿದ್ದು" ಅಂದ ಮುನಿನಂಜ,
ನಾನು ಮಾರುವ ಹಿಟ್ಟಿನದೇ
ಮೂರನೇ ದೋಸೆ ಮುರಿಯುತ್ತಾ.

ಎಷ್ಟು ತಿಂದಿದೆ, ನೋಡೇಬಿಡೋಣ.
ಕ್ಯಾಲೆಂಡರಿನ ಮುಗಿದ ತಿಂಗಳು ಹರಿದು ಮಗುಚಿದೆ.
ಗ್ರೈಂಡರಿನ ತಳದ ಅಕ್ಷರಕ್ಕೆ ಉದ್ದಿನ ಹಿಟ್ಟು ಮೆತ್ತಿತ್ತು,
ಉಗುರಲ್ಲಿ ಕೆರೆದು ಓದಿದೆ: ನೂರೈವತ್ತು ವ್ಯಾಟ್.
ದಿನಕ್ಕೆ ನಲವತ್ತು ನಿಮಿಷ. ಗುಣಿಸಿ, ಸಾವಿರಕ್ಕೆ ಭಾಗಿಸಿದರೆ
ಯೂನಿಟ್ಟಿನ ಹತ್ತರಲ್ಲೊಂದು. ಅರವತ್ತು ದಿನಕ್ಕೆ ಆರು.
ಆರೇ ಆರು, ಸ್ವಾಮಿ.

ಫ್ರಿಜ್ಜಿಗೆ ಎಪ್ಪತ್ತೆರಡು. ಹಿಟ್ಟು ಕಾಯುತ್ತೆ, ಬೈಯಲಾರೆ.
ನಿನ್ನ ಸ್ನಾನದ ಕಾಯಿಲ್, ಇಪ್ಪತ್ತೇ ನಿಮಿಷ,
ಸಾವಿರದೈನೂರು ವ್ಯಾಟಿನ ಕೋಪ: ಮೂವತ್ತು.
ಸಂಪಿನ ಮೋಟರು ಹದಿನೈದು.
ಈ ಊರ ಚಳಿಯಲ್ಲೂ ಸೊಳ್ಳೆಗೆ ಹೆದರಿ ತಿರುಗುವ ಫ್ಯಾನು ಮೂವತ್ತಾರು.
ಟೀವಿ ಹದಿನೆಂಟು, ನಿಮ್ಮಮ್ಮನ ಸೀರಿಯಲ್ಲು ಮೂರು ಭಾಷೆಯಲ್ಲಿ.
ಸರ್ಕಾರ ಕೊಟ್ಟ ಮಿಕ್ಸಿ ಅರಚುವುದೇ ಹೆಚ್ಚು, ತಿನ್ನೋದು ಮೂರು.
ಒಳಗಿನ ದೀಪಕ್ಕೆಲ್ಲಾ ಸೇರಿ ಹತ್ತು.
ನೂರ ತೊಂಬತ್ತು.
ಮೇಲಿಂದ ಕೂಡಿದರೂ, ಕೆಳಗಿಂದ ಕೂಡಿದರೂ.

ಉಳಿದ ನಲವತ್ಮೂರು ಎಲ್ಲಿ?

ರಾತ್ರಿ ಎಲ್ಲ ಮಲಗಿದ ಮೇಲೆ ಒಂದೊಂದೇ ಆರಿಸಿದೆ.
ಫ್ರಿಜ್ಜು ಒಮ್ಮೆ ಮೈ ನಡುಗಿಸಿ ಸುಮ್ಮನಾಯಿತು.
ನಾನು ಬಂದ ಏಳು ವರ್ಷದಲ್ಲಿ
ಈ ಮನೆ ಇಷ್ಟು ಸುಮ್ಮನಿದ್ದದ್ದು ಇಲ್ಲ.
ಮೀಟರಿನ ಎದುರು ಸ್ಟೂಲು ಹಾಕಿ ಕೂತೆ.
ಅದರ ಮೋರೆಯ ಮೇಲಿದೆ: ಮೂರು ಸಾವಿರದ ಇನ್ನೂರು ಮಿಣುಕಿಗೆ ಒಂದು ಯೂನಿಟ್.

ಮಿಣುಕಬಾರದು.
ಮಿಣುಕಿತು.
ಹದಿನೇಳು, ಹದಿನೆಂಟು, ಹತ್ತೊಂಬತ್ತು, ಕೆಂಪು.
ಮತ್ತೆ ಹತ್ತೊಂಬತ್ತು. ಕೆಂಪು.
ಗಂಟೆಗೆ ಮತ್ತದೇ ನೂರ ತೊಂಬತ್ತು! ಅಂದರೆ ಅರವತ್ತು ವ್ಯಾಟ್.
ಅರವತ್ತು ವ್ಯಾಟೆಂದರೆ ಹಳೇಕಾಲದ ಒಂದು ಬುರುಡೆ ಬಲ್ಬು,
ಸಂಜೆಯಿಂದ ಬೆಳಗಿನ ತನಕ ಉರಿದರೆ
ಎರಡು ತಿಂಗಳಿಗೆ ಸರಿಯಾಗಿ ನಲವತ್ಮೂರು.

ಟಾರ್ಚು ಹಿಡಿದು ಹಿತ್ತಿಲಿಗೆ ಹೋದೆ.
ನೀರಿನ ಡ್ರಮ್ಮಿನ ಹಿಂದೆ, ಗೋಣಿತಾಟಿನ ಅಡಿಯಲ್ಲಿ
ಬೆರಳು ತಾಗಿ ತಾಗಿ ನುಣುಪಾದ ಸ್ವಿಚ್ಚು.
ಅಲ್ಲಿಂದ ತಂತಿ ಗೋಡೆ ಹತ್ತಿ, ನುಗ್ಗೆಕೊಂಬೆ ಹಿಡಿದು
ಬೀದಿ ತಿರುವಿನ ಕಂಬಕ್ಕೆ, ನಾನು ಇಷ್ಟು ದಿನವೂ
ಸರ್ಕಾರದ್ದು ಅಂದುಕೊಂಡಿದ್ದ ದೀಪಕ್ಕೆ.

ದಿನಾ ಸಂಜೆ ಪೊರಕೆ ಒಳಗಿಡುವ ನೆಪದಲ್ಲಿ
ಅತ್ತೆ ಹಿತ್ತಿಲಿಗೆ ಹೋಗುತ್ತಿದ್ದದ್ದು!

ಬೆಳಿಗ್ಗೆ ಲೆಕ್ಕದ ಹಾಳೆ ಮುಂದಿಟ್ಟೆ. ಪಿಳ್ಳಕ್ಕ
ಮೊದಲು ತೆಲುಗಲ್ಲಿ ಬೈದಳು,
ಎಲೆಗೆ ಸುಣ್ಣ ಸವರುತ್ತಾ ಕನ್ನಡಕ್ಕಿಳಿದಳು:
"ಕಂಪನಿ ಬಸ್ಸು ಹನ್ನೊಂದೂವರೆಗೆ ಇಳಿಸಿ ಹೋಗ್ತದೆ.
ಹುಡುಗೀರು ಚಪ್ಪಲಿ ಕೈಲಿ ಹಿಡ್ಕೊಂಡು ಓಡ್ತಿದ್ರು ಈ ತಿರುವಲ್ಲಿ.
ಒಬ್ಬಳು ಮೋರಿಗೆ ಬಿದ್ದು ಹಲ್ಲು ಮುರ್ಕೊಂಡ್ಲು.
ಆಫೀಸಿಗೆ ಹೋದೆ, ಅರ್ಜಿ ತಮಿಳಲ್ಲಿ ಬರಕೊಂಡು ಬಾ ಅಂದ್ರು.
ನಂಗೆ ತಂತೀಲಿ ಬರೆಯೋಕೆ ಬಂತು, ಬರೆದೆ."

ಒಂಬತ್ತು ವ್ಯಾಟಿನ ಬಲ್ಬು ತಂದೆ. ಏಣಿ ಅವಳೇ ಹಿಡಿದಳು.
ಎರಡು ತಿಂಗಳಿಗೆ ಆರೂವರೆ,
ನನ್ನ ಗ್ರೈಂಡರಿಗಿಂತ ಅರ್ಧ ಜಾಸ್ತಿ.

ಆ ರಾತ್ರಿ ಮತ್ತೆ ಎಲ್ಲ ಆರಿಸಿ ಎಣಿಸಿದೆ.
ಐವತ್ತು, ಎಂಬತ್ತು, ನೂರು ದಾಟಿದರೂ ಮಿಣುಕಿಲ್ಲ.
ಅಷ್ಟರಲ್ಲಿ ಬಸ್ಸು ಬಂತು, ನಾಲ್ವರು ಇಳಿದರು.
ಚಪ್ಪಲಿ ಕಾಲಲ್ಲೇ ಇತ್ತು, ಒಬ್ಬಳು ಫೋನಿಗೆ ನಗುತ್ತಿದ್ದಳು.
ನನಗೆ ಎಣಿಕೆ ತಪ್ಪಿತು.

ಈಗ ಇನ್ನೂರಕ್ಕೆ ಮೂರೂವರೆ ಉಳಿಯುತ್ತೆ.
ಮುನಿನಂಜನಿಗೆ ಹೇಳಿಲ್ಲ.
ಮಾರಿಗುಡಿ ಹಿಂದಿನ ತಿರುವು ಇನ್ನೂ ಕತ್ತಲೆ.
ಒಂಬತ್ತು ವ್ಯಾಟ್, ನಡುರಾತ್ರಿವರೆಗೆ ಆರೇ ಗಂಟೆ ಅಂದರೆ
ಮೂರೂ ಕಾಲು.

ಅತ್ತೆ ತೆಲುಗಲ್ಲಿ ಎಣಿಸುತ್ತಾ ಹೆಜ್ಜೆ ಹಾಕುತ್ತಿದ್ದಾಳೆ,
ತಂತಿ ಎಷ್ಟುದ್ದ ಬೇಕೆಂದು.